ಓಲಾಡಿದ ಸೇತುವೆಗೆ ಕಾಲು ಶತಮಾನ

ಲಂಡನ್ನಿನ ಮಿಲೇನಿಯಂ ಸೇತುವೆ ಇಪ್ಪತ್ತೈದು ವರ್ಷ ದಾಟಿದೆ. ಥೇಮ್ಸ್ ನದಿಯ ಒಂದು ದಡದಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್, ಎದುರಿಗೆ ಹಳೆಯ ವಿದ್ಯುತ್ ಸ್ಥಾವರದೊಳಗೆ ನೆಲೆಯಾದ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯ. ನಡುವೆ ಪಾದಚಾರಿಗಳಿಗೆಂದೇ ನಾಲ್ಕು ಮೀಟರ್ ಅಗಲದ ದಾರಿ. ಆದರೂ ಜನರ ಬಾಯಲ್ಲಿ ಉಳಿದಿರುವುದು ಅದರ ಮೊದಲ ಎರಡು ದಿನಗಳ ಕಥೆ.

2000ದ ಜೂನ್ 10ರಂದು ಸೇತುವೆ ತೆರೆದಾಗ ಸುಮಾರು 90 ಸಾವಿರ ಮಂದಿ ಬಂದರು. ಸೇತುವೆ ಓಲಾಡತೊಡಗಿತು. ಮಲೆನಾಡಿನ ತೂಗುಸೇತುವೆ ದಾಟಿದವರಿಗೆ ಕಾಲಡಿಯ ಹಲಗೆ ಏರಿಳಿಯುವುದು ಹೊಸತಲ್ಲ. ಇಲ್ಲಿಯದು ಅಡ್ಡ ಓಲಾಟ. ಏರಿಳಿತದ ಲೆಕ್ಕ ಹಾಕಿದ್ದ ಎಂಜಿನಿಯರುಗಳು ಇದನ್ನು ಎಣಿಸಿರಲಿಲ್ಲ. ನಡೆಯುವವರು ಪ್ರತಿ ಹೆಜ್ಜೆಗೂ ನೆಲವನ್ನು ತುಸು ಎಡಕ್ಕೆ, ತುಸು ಬಲಕ್ಕೆ ದೂಡುತ್ತಾರೆ. ನೆಲವೇ ಅಲುಗಿದರೆ ಬೀಳದಿರಲು ಕಾಲಗಲಿಸುತ್ತಾರೆ, ಓಲಾಟಕ್ಕೆ ಇನ್ನಷ್ಟು ಬಲ ಸಿಗುತ್ತದೆ. ಆಮೇಲಿನ ಪರೀಕ್ಷೆಯೊಂದರಲ್ಲಿ 156 ಮಂದಿ ನಡೆಯುವಾಗ ತೆಪ್ಪಗಿದ್ದ ಸೇತುವೆ, ಇನ್ನು ಹತ್ತು ಜನ ಸೇರುತ್ತಲೇ ತೂಗಿಬಿಟ್ಟಿತು!

ಜೂನ್ 12ಕ್ಕೇ ಮುಚ್ಚಿದರು. ಕಂಪನ ಹೀರುವ ಸುಮಾರು 90 ಸಾಧನಗಳನ್ನು ಜೋಡಿಸಿ, 50 ಲಕ್ಷ ಪೌಂಡ್ ಹೆಚ್ಚುವರಿ ಸುರಿದು, 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆದರು.

ಅಂದು ಬೈಗುಳ ಬಿದ್ದದ್ದು ಅಂದದ ಹಟಕ್ಕೆ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ತಂಡ ನೋಟಕ್ಕೆ ಅಡ್ಡ ಬಾರದಂತೆ ಕೇಬಲ್‌ಗಳನ್ನು ಬದಿಗೆ ಚಾಚಿತ್ತು. 144 ಮೀಟರಿನ ನಡುಭಾಗದಲ್ಲಿ ಅವುಗಳ ಜೋಲು ಬರೀ 2.3 ಮೀಟರ್. ಆದರೆ ತೆಳುವಾದದ್ದೇ ತಪ್ಪು ಎಂಬುದು ಅವಸರದ ತೀರ್ಪು. ಅಡ್ಡಕ್ಕೆ ನಿಧಾನವಾಗಿ ತೂಗಬಲ್ಲ ಯಾವುದೇ ಸೇತುವೆಗೂ, ಜನ ಸಾಕಷ್ಟು ಸೇರಿದರೆ, ಇದೇ ಗತಿ. ಜಪಾನಿನ ಟೋಡಾದ ಪಾದಚಾರಿ ಸೇತುವೆ ಹೀಗೆಯೇ ಓಲಾಡಿದ್ದನ್ನು ಅಲ್ಲಿನ ತಜ್ಞರು 1993ರಲ್ಲೇ ಪ್ರಕಟಿಸಿದ್ದರು. ಪತ್ರಿಕೆಯಲ್ಲಿದ್ದ ಆ ತಿಳಿವಳಿಕೆ ವಿನ್ಯಾಸದ ನಿಯಮಪುಸ್ತಕಕ್ಕೆ ಇಳಿಯಲಿಲ್ಲ. ನಮ್ಮ ಪ್ರಕಾರ ನಿಜವಾದ ಲೋಪ ಅದು. ಲಂಡನ್ನಿನ ಈ ಸೇತುವೆಯ ಲೆಕ್ಕ ಹಾಕಿದ್ದ ಅರೂಪ್ ಸಂಸ್ಥೆಯ ಎಂಜಿನಿಯರುಗಳಾದರೋ ತಮ್ಮ ಸೇತುವೆಯ ಎಡವಟ್ಟನ್ನು ಅಳೆದು, ಅಂಕಿಅಂಶ ಸಮೇತ ಎಲ್ಲರ ಮುಂದಿಟ್ಟರು. ಆಮೇಲೆ ಕಟ್ಟಿದ ಪಾದಚಾರಿ ಸೇತುವೆಗಳಿಗೆ ಅಡ್ಡ ಓಲಾಟದ ಲೆಕ್ಕ ತಪ್ಪಿಸಲಾಗದ ಕೆಲಸವಾಯಿತು. ಕಾರಣದ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಜನರ ಹೆಜ್ಜೆಗಳು ಒಂದಾಗಿದ್ದರಿಂದಲೇ ಓಲಾಟ ಶುರುವಾಯಿತೆಂಬ ಜನಪ್ರಿಯ ವಿವರಣೆಯನ್ನು 2021ರ ಸಂಶೋಧನೆಯೊಂದು ಪ್ರಶ್ನಿಸಿತು. ಹೆಜ್ಜೆ ಹೊಂದದಿದ್ದರೂ ಪ್ರತಿಯೊಬ್ಬರೂ ಸಮತೋಲಕ್ಕೆ ಹೆಣಗುವುದೇ ಸಾಕಂತೆ.

2023ರ ಅಕ್ಟೋಬರಿನಲ್ಲಿ ಮತ್ತೆ ಕೆಲವು ವಾರ ದುರಸ್ತಿ ನಡೆಯಿತು. ಕೆಲಸದಿಂದಾಗಿ ಸೇತುವೆಯಡಿಯ ಎತ್ತರ ತಗ್ಗಿದೆಯೆಂದು ದೋಣಿಗಳಿಗೆ ತಿಳಿಸಲು, ಪುರಾತನ ನಿಯಮದಂತೆ, ಹುಲ್ಲಿನ ಹೊರೆಯೊಂದನ್ನು ಇಳಿಬಿಟ್ಟಿದ್ದರು. ಸೇತುವೆಯ ನಿರ್ವಹಣೆಯ ಹೊಣೆ, ಮಧ್ಯಯುಗದ ಲಂಡನ್ ಸೇತುವೆಯ ಸುಂಕ, ಬಾಡಿಗೆಗಳಿಂದ ಬೆಳೆದ ದತ್ತಿಯೊಂದರದು. ನಗರದ ಐದು ಸೇತುವೆಗಳನ್ನು ತೆರಿಗೆದಾರರ ಮೇಲೆ ಹೊರೆ ಹಾಕದೆ ಅದು ಸಲಹುತ್ತಿದೆ. ಓಲಾಟದ ಕಥೆಯನ್ನು ಚಪ್ಪರಿಸುವವರು ಈ ಬಾಬತ್ತನ್ನು ಅಷ್ಟಾಗಿ ಎತ್ತಿ ಆಡುವುದಿಲ್ಲ.