ಮನೆಯ ವೈದ್ಯರಿಗೆ ವಿಶ್ವವಿದ್ಯಾಲಯದಲ್ಲಿ ಜಾಗವೆಲ್ಲಿ?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹಣಕಾಸಿನ ಪರಿಶೀಲನೆಗೆ ಸಂಬಂಧಿಸಿದ ಹುದ್ದೆಯಲ್ಲಿದ್ದ ನನ್ನ ಮೇಜಿಗೆ ಒಂದು ತೆಳ್ಳನೆಯ ಕಡತ ಬಂದಿತ್ತು. ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಕೀಯ ವಿಭಾಗದ ಇಬ್ಬರು ಅಧ್ಯಾಪಕರು ನೆರೆರಾಜ್ಯದಲ್ಲಿ ನಡೆಯಲಿದ್ದ ಕುಟುಂಬ ವೈದ್ಯಕೀಯದ ಪ್ರಾದೇಶಿಕ ಸಮ್ಮೇಳನಕ್ಕೆ ಹೋಗಲು ಪ್ರವಾಸ ಭತ್ಯೆ ಕೋರಿದ್ದರು. ಮೊತ್ತ ಅತ್ಯಲ್ಪ. ಆದರೂ ನಾನು, 'ಈ ವಿಷಯದಲ್ಲಿ ಕಾಲೇಜಿನಲ್ಲಿ ಪ್ರತ್ಯೇಕ ವಿಭಾಗವಾಗಲಿ ಹುದ್ದೆಯಾಗಲಿ ಇಲ್ಲ. ನೇರ ಪ್ರಯೋಜನ ಕಂಡುಬರುವುದಿಲ್ಲ' ಎಂದು ಟಿಪ್ಪಣಿ ಬರೆದು ಕಡತವನ್ನು ಹಿಂದಿರುಗಿಸಿದೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ವಿವೇಕದ ಪ್ರಕಾರ ತಪ್ಪಾಗಿತ್ತು ಎಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ನಂತರ.

ನನ್ನ ಅಣ್ಣನಿಗೆ ಮಂಡಿನೋವು ಮತ್ತು ರಕ್ತದೊತ್ತಡ. ಮೂಳೆ ತಜ್ಞರು ನೋವು ನಿವಾರಕ ಕೊಟ್ಟರು. ಹೃದ್ರೋಗ ತಜ್ಞರು ರಕ್ತದೊತ್ತಡದ ಮಾತ್ರೆಯೊಂದಿಗೆ ಮೂತ್ರಸ್ರಾವ ಹೆಚ್ಚಿಸುವ ಮಾತ್ರೆಯನ್ನೂ ಬರೆದರು. ಇಬ್ಬರೂ ತಮ್ಮ ತಮ್ಮ ಕ್ಷೇತ್ರದಲ್ಲಿ ನಿಷ್ಣಾತರೇ. ಆದರೆ ಈ ಮೂರು ಬಗೆಯ ಔಷಧಗಳು ಒಟ್ಟಿಗೆ ಸೇರಿದರೆ, ವಿಶೇಷವಾಗಿ ವಯಸ್ಸಾದವರಲ್ಲಿ, ಮೂತ್ರಪಿಂಡಕ್ಕೆ ಅಪಾಯ ಒದಗಬಹುದೆಂಬುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ತಿಳಿದ ಸಂಗತಿ. ಅಣ್ಣನ ಕಾಲು ಊದಿಕೊಂಡಾಗ ನಮ್ಮ ಬಡಾವಣೆಯ ಯುವ ವೈದ್ಯೆಯೊಬ್ಬರು ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಒಂದೊಂದನ್ನೇ ಓದಿ, ನೋವಿನ ಮಾತ್ರೆಯನ್ನು ನಿಲ್ಲಿಸಿದರು, ರಕ್ತಪರೀಕ್ಷೆ ಮಾಡಿಸಿದರು. ಮೂತ್ರಪಿಂಡ ಚೇತರಿಸಿಕೊಂಡಿತು. ಅವರು ಕಲಿತದ್ದು ಕುಟುಂಬ ವೈದ್ಯಕೀಯ. ಇಡೀ ಮನುಷ್ಯನನ್ನು ನೋಡುವ ಹೊಣೆ ತಮ್ಮದೆಂದು ತಿಳಿದವರು ಅವರೊಬ್ಬರೇ ಆಗಿದ್ದರು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹೊಸ ಸಮಸ್ಯೆಯಲ್ಲ. ವೈದ್ಯಕೀಯ ಸೇವೆ ಉಳಿದ ಸರಕುಗಳಂತಲ್ಲ, ತನಗೇನು ಬೇಕೆಂಬುದು ಕೊಳ್ಳುವವನಿಗೇ ತಿಳಿದಿರುವುದಿಲ್ಲ ಎಂಬುದನ್ನು ಕೆನೆತ್ ಆ್ಯರೋ 1963ರ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದರು. ಅಂದಮೇಲೆ ರೋಗಿಯ ಪರವಾಗಿ ಯೋಚಿಸಬಲ್ಲ ನಂಬಿಕಸ್ಥರೊಬ್ಬರು ಬೇಕು. ಕಾಕತಾಳೀಯವೆಂಬಂತೆ ಅದೇ 1963ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯವು ರಿಚರ್ಡ್ ಸ್ಕಾಟ್ ಅವರನ್ನು ಸಾಮಾನ್ಯ ವೈದ್ಯವೃತ್ತಿಯ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಜಗತ್ತಿನಲ್ಲೇ ಅಂಥ ಮೊದಲ ಪೀಠ ಅದು.

ಅದಕ್ಕೂ ಎರಡು ವರ್ಷ ಮುಂಚೆ, 1961ರಲ್ಲಿ, ಕೆರ್ ವೈಟ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಲೆಕ್ಕವೊಂದು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಒಂದು ತಿಂಗಳಲ್ಲಿ ಸಾವಿರ ವಯಸ್ಕರ ಪೈಕಿ 750 ಮಂದಿಗೆ ಏನಾದರೊಂದು ಕಾಯಿಲೆ ಅಥವಾ ಪೆಟ್ಟು. ವೈದ್ಯರನ್ನು ಕಾಣುವವರು 250. ಆಸ್ಪತ್ರೆ ಸೇರುವವರು 9. ವಿಶ್ವವಿದ್ಯಾಲಯದ ಆಸ್ಪತ್ರೆಯವರೆಗೆ ಹೋಗುವವನು ಒಬ್ಬನೇ. ಅಮೆರಿಕ ಮತ್ತು ಬ್ರಿಟನ್ನಿನ ಮಾಹಿತಿಯ ಮೇಲೆ ನಿಂತ ಲೆಕ್ಕವಾದರೂ ಅದರ ಪಾಠ ನಮಗೂ ಸಲ್ಲುತ್ತದೆ. ವೈದ್ಯ ವಿದ್ಯಾರ್ಥಿ ಐದೂವರೆ ವರ್ಷಗಳಲ್ಲಿ ಹೆಚ್ಚಾಗಿ ಕಲಿಯುವುದು ಆ ಒಬ್ಬನ ಪಕ್ಕದಲ್ಲಿ ನಿಂತು. ಉಳಿದ 249 ಮಂದಿಯ ಬಗ್ಗೆ ವಿಶ್ವವಿದ್ಯಾಲಯಕ್ಕೆ ಗೊತ್ತಿರುವುದು ಕಡಿಮೆ. ಅವರನ್ನು ಕಾಣುವ ವೈದ್ಯರೂ ಅಧ್ಯಾಪಕರೂ ಮುಖಾಮುಖಿಯಾಗುವ ಸ್ಥಳಗಳಲ್ಲಿ ಇಂಥ ಸಮ್ಮೇಳನವೂ ಒಂದು. ನಾನು ಕಡತದಲ್ಲಿ ಕಾಣದೆ ಹೋದ ಪ್ರಯೋಜನ ಇದೇ.

ಈ ವಿಷಯದಲ್ಲಿ ನೆರೆಯವರಿಂದ ಕಲಿಯುವುದು ಸಾಕಷ್ಟಿದೆ. ನೇಪಾಳದ ತ್ರಿಭುವನ ವಿಶ್ವವಿದ್ಯಾಲಯವು 1982ರಲ್ಲೇ ಸಾಮಾನ್ಯ ವೈದ್ಯವೃತ್ತಿಯಲ್ಲಿ ಎಂ.ಡಿ. ಶಿಕ್ಷಣ ಆರಂಭಿಸಿತು. ಅಲ್ಲಿ ತರಬೇತಾದವರು ಗುಡ್ಡಗಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಜ್ವರಕ್ಕೆ ಔಷಧ ಕೊಡುವುದರಿಂದ ಹಿಡಿದು ಸಿಸೇರಿಯನ್ ಹೆರಿಗೆಯವರೆಗೆ ನಿಭಾಯಿಸುತ್ತಾರೆ. ಶ್ರೀಲಂಕಾದ ಕೆಲನಿಯ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಸ್ವತಂತ್ರ ವಿಭಾಗವಿದೆ. 1972ರಲ್ಲಿ ಸ್ಥಾಪಿತವಾದ ಕುಟುಂಬ ವೈದ್ಯರ ವಿಶ್ವ ಸಂಘಟನೆ 'ವೊಂಕಾ' ದಕ್ಷಿಣ ಏಷ್ಯಾವನ್ನು ಒಂದು ಪ್ರತ್ಯೇಕ ವಲಯವಾಗಿಯೇ ಗುರುತಿಸಿದೆ. ನಮ್ಮ ಕಾಯಿಲೆಗಳೂ ಕೊರತೆಗಳೂ ಲಂಡನ್ನಿನವರಿಗಿಂತ ಕಠ್ಮಂಡುವಿನವರಿಗೆ ಹೆಚ್ಚು ಪರಿಚಿತ.

ನಮ್ಮ ದೇಶದಲ್ಲಿ ಆಶಯಕ್ಕೆ ಕೊರತೆಯಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಕುಟುಂಬ ವೈದ್ಯಕೀಯವನ್ನು ಪ್ರಸ್ತಾಪಿಸಿತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯು ಈ ವಿಷಯದ ಸ್ನಾತಕೋತ್ತರ ಶಿಕ್ಷಣವನ್ನು ಪ್ರೋತ್ಸಾಹಿಸುವ ಕರ್ತವ್ಯವನ್ನು ಮಂಡಳಿಗೆ ವಹಿಸಿತು. ಕಲ್ಲಿಕೋಟೆಯ ಸರ್ಕಾರಿ ವೈದ್ಯಕೀಯ ಕಾಲೇಜು ಎಂ.ಡಿ. ಶಿಕ್ಷಣ ಆರಂಭಿಸಿ ದಾರಿ ತೋರಿಸಿತು. ಡಿಎನ್‌ಬಿ ಪದವಿಯೂ ಇದೆ. ಈಗ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆಯಬೇಕೆಂಬ ಕಾರ್ಯಕ್ರಮವೂ ಜಾರಿಯಲ್ಲಿದೆ. ಆದರೆ ಬಹುಪಾಲು ಕಾಲೇಜುಗಳಲ್ಲಿ ಕುಟುಂಬ ವೈದ್ಯಕೀಯಕ್ಕೆ ಸ್ವತಂತ್ರ ವಿಭಾಗವಿಲ್ಲ. ಕುಟುಂಬವನ್ನು ದತ್ತು ತೆಗೆದುಕೊ ಎನ್ನುತ್ತೇವೆ. ಕುಟುಂಬ ವೈದ್ಯನಾಗುವುದನ್ನು ಕಲಿಸುವ ಗುರುವಿಗೆ ಹುದ್ದೆ ಕೊಡುವುದಿಲ್ಲ.

ಸಮುದಾಯ ವೈದ್ಯಕೀಯ ವಿಭಾಗವಿದೆಯಲ್ಲ, ಸಾಲದೇ ಎಂದು ಕೆಲವರು ಕೇಳುತ್ತಾರೆ. ಅದರ ಗಮನ ಜನಸಮುದಾಯದ ಮೇಲೆ: ಲಸಿಕೆ, ನೀರು, ಸಾಂಕ್ರಾಮಿಕದ ತಡೆ. ಕುಟುಂಬ ವೈದ್ಯನ ಗಮನ ಅದೇ ವ್ಯಕ್ತಿಯ ಮೇಲೆ, ವರ್ಷಾನುವರ್ಷ. ಎರಡೂ ಬೇಕು. ಒಂದು ಇನ್ನೊಂದರ ಬದಲಿಯಲ್ಲ.

ಸಮ್ಮೇಳನಗಳ ಬಗ್ಗೆ ಜನರಿಗಿರುವ ಸಂಶಯ ನಿರಾಧಾರವೆಂದು ನಾನು ಹೇಳಲಾರೆ. ಚೀಲ, ಶಾಲು, ಭೂರಿ ಭೋಜನ, ಒಂದು ದಿನದ ಪ್ರೇಕ್ಷಣೀಯ ಸ್ಥಳ ದರ್ಶನ: ಇಷ್ಟರಲ್ಲೇ ಮುಗಿಯುವ ಸಮ್ಮೇಳನಗಳನ್ನು ಸೇವಾವಧಿಯಲ್ಲಿ ನಾನೂ ಕಂಡಿದ್ದೇನೆ. ಆದರೆ ತಜ್ಞರ ಸಮ್ಮೇಳನಗಳಿಗೆ ಔಷಧ ಮತ್ತು ಉಪಕರಣ ಕಂಪೆನಿಗಳ ಆಸರೆ ಸುಲಭವಾಗಿ ಸಿಗುತ್ತಿತ್ತು. ಅನಗತ್ಯ ಪರೀಕ್ಷೆ ಬೇಡ, ಈ ಮಾತ್ರೆ ನಿಲ್ಲಿಸಿ ಎನ್ನುವ ವೈದ್ಯನಿಗೆ ಪ್ರಾಯೋಜಕರು ಯಾರು? ಉಳಿತಾಯವನ್ನು ಮಾರುವ ಕಂಪೆನಿ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆಯು ವೈದ್ಯರ ಪ್ರಯಾಣ ಹಾಗೂ ಹೋಟೆಲ್ ವೆಚ್ಚವನ್ನು ಕಂಪೆನಿಗಳು ಭರಿಸುವುದಕ್ಕೆ ಕಡಿವಾಣ ಹಾಕಿದೆ. ಇದು ಸ್ವಾಗತಾರ್ಹ. ಆದರೆ ಆ ಖಾಲಿ ಜಾಗವನ್ನು ಸಾರ್ವಜನಿಕ ಹಣವೇ ತುಂಬಬೇಕು. ಲಾಭ ಎಲ್ಲರದಾಗಿ, ಗಿರಾಕಿ ಯಾರೂ ಇಲ್ಲದಿರುವಲ್ಲಿ ಸರ್ಕಾರ ವೆಚ್ಚ ಮಾಡಬೇಕೆಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿಯಿತು. ಇಳಿದರೂ ಇದು ಸಣ್ಣ ಹೊರೆಯಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ವಿಮೆ ಆಸ್ಪತ್ರೆ ಸೇರಿದವರಿಗೆ ಆಸರೆ. ಹೊರರೋಗಿಯ ಚೀಟಿಗೂ ಮಾತ್ರೆಗೂ ಅದು ಒದಗುವುದಿಲ್ಲ. ಮಧುಮೇಹ, ರಕ್ತದೊತ್ತಡದಂಥ ಕಾಯಿಲೆಗಳಲ್ಲಿ ಹಣ ಸೋರುವುದು ಅಲ್ಲಿಯೇ. ಕರ್ನಾಟಕದಲ್ಲಿ 2022ರಿಂದೀಚೆಗೆ 'ನಮ್ಮ ಕ್ಲಿನಿಕ್'ಗಳು ತೆರೆದಿವೆ. ಕಟ್ಟಡ, ಫಲಕಗಳಿಗಿಂತ ಒಳಗೆ ಕುಳಿತ ವೈದ್ಯರ ತರಬೇತಿ ಎಂಥದು ಎಂಬುದೇ ಅವುಗಳ ಹಣೆಬರಹವನ್ನು ನಿರ್ಧರಿಸುತ್ತದೆ.

ಆದ್ದರಿಂದ ಇಂಥ ಸಮ್ಮೇಳನಗಳಿಗೆ ವಿಭಾಗಗಳನ್ನು ಕಳುಹಿಸೋಣ, ಕೆಲವು ಕರಾರುಗಳೊಂದಿಗೆ. ಮುಖ್ಯಸ್ಥರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಬ್ಬರೂ ಕಿರಿಯ ವಿದ್ಯಾರ್ಥಿಯೊಬ್ಬರೂ ಹೋಗಲಿ. ಕೇಳಲಷ್ಟೇ ಅಲ್ಲ, ತಮ್ಮದೇ ಹೊರರೋಗಿಗಳ ಅನುಭವವನ್ನು ಮಂಡಿಸಲು ಹೋಗಲಿ. ಹಿಂದಿರುಗಿದ ಒಂದು ತಿಂಗಳೊಳಗೆ ತಾಲ್ಲೂಕು ವೈದ್ಯರ ಮುಂದೆ ಕನ್ನಡದಲ್ಲಿ ವರದಿ ಒಪ್ಪಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೂ ಈ ವಿಷಯಕ್ಕೆ ಹುದ್ದೆಗಳು ಮಂಜೂರಾಗಲಿ.

ಹುದ್ದೆಯಿಲ್ಲವೆಂದು ಪ್ರಯಾಣ ನಿರಾಕರಿಸಿದೆವು. ಬೇಡಿಕೆಯಿಲ್ಲವೆಂದು ಹುದ್ದೆ ನಿರಾಕರಿಸಿದೆವು. ಕಡತದೊಳಗೆ ಈ ವಾದ ಎಷ್ಟು ಸುತ್ತಿದರೂ ತುಂಡಾಗುವುದಿಲ್ಲ. ಮೇಜಿನ ಆಚೆ ಬದಿಯಲ್ಲಿ ಕೈತುಂಬ ಚೀಟಿ ಹಿಡಿದು ಕೂತಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಇಂದು ಆ ಕುರ್ಚಿಯಲ್ಲಿರುವ ಅಧಿಕಾರಿಯ ಮುಂದೆ ಅಂಥದೇ ತೆಳ್ಳನೆಯ ಕಡತ ಬಂದರೆ, ನನ್ನ ಹಳೆಯ ಟಿಪ್ಪಣಿಯನ್ನು ಪೂರ್ವನಿದರ್ಶನವಾಗಿ ಬಳಸದಿರಲಿ ಎಂಬುದಷ್ಟೇ ನನ್ನ ಕೋರಿಕೆ.