ಓಡಲು ಅನುಮತಿ ಪತ್ರ ಬೇಕಾದವರು

2019ರ ಅಕ್ಟೋಬರ್ ತಿಂಗಳಲ್ಲಿ ಅಮೇರಿಕದ ಒಹಾಯೊ ರಾಜ್ಯದಲ್ಲಿ ಪ್ರೌಢಶಾಲಾ ವಿದ್ಯಾರ್ಥಿನಿಯರ ಜಿಲ್ಲಾ ಮಟ್ಟದ ಕ್ರಾಸ್ ಕಂಟ್ರಿ ಓಟದ ಸ್ಪರ್ಧೆಯೊಂದು ಜರುಗಿತು. ಅದರಲ್ಲಿ ಭಾಗವಹಿಸಿದ 16ರ ಹರೆಯದ ಮುಸ್ಲಿಮ್ ವಿದ್ಯಾರ್ಥಿನಿಯೊಬ್ಬಳು ತನ್ನ ಜೀವನದ ಅತ್ಯುತ್ತಮ ಸಮಯದಲ್ಲಿ ಗುರಿ ತಲುಪಿದಳು. ಸಂತಸದಿಂದ ಫಲಿತಾಂಶದ ಪಟ್ಟಿಯನ್ನು ನೋಡಲು ಹೋದಾಗ ಅದರಲ್ಲಿ ಅವಳ ಹೆಸರೇ ಇರಲಿಲ್ಲ. ಆಕೆ ಹಿಜಾಬ್ ಧರಿಸಿ ಓಡಿದ್ದಳು. ಹಿಜಾಬ್ ಧರಿಸಿ ಓಡಬೇಕಾದರೆ ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಘದಿಂದ ಮುಂಚಿತವಾಗಿ ವಿನಾಯಿತಿ ಪತ್ರ ಪಡೆದಿರಬೇಕಿತ್ತು. ಆ ಪತ್ರ ಅವಳ ಬಳಿ ಇರಲಿಲ್ಲವಾದ್ದರಿಂದ ಆಕೆ ಅನರ್ಹಳು.

ಆ ಋತುವಿನ ಹಿಂದಿನ ಸ್ಪರ್ಧೆಗಳಲ್ಲೆಲ್ಲ ಆಕೆ ಅದೇ ಹಿಜಾಬ್ ಧರಿಸಿ ಓಡಿದ್ದಳು. ಯಾವ ಅಧಿಕಾರಿಗೂ ಆಗ ನಿಯಮ ನೆನಪಾಗಿರಲಿಲ್ಲ. ಇನ್ನೊಂದು ಸಂಗತಿಯನ್ನು ನಾವು ಗಮನಿಸಬೇಕು. ಓಟಕ್ಕೆ ಮುನ್ನವೇ ಅಧಿಕಾರಿಗಳು ಅವಳ ತರಬೇತುದಾರರಿಗೆ ವಿಷಯ ತಿಳಿಸಿದ್ದರು. ಆದರೆ ಅವಳಿಗೆ ಯಾರೂ ತಿಳಿಸಲಿಲ್ಲ. ಅದೇ ತಂಡದ ಇನ್ನೊಬ್ಬ ಹುಡುಗಿಯ ಚಡ್ಡಿ ಸಮವಸ್ತ್ರದ ನಿಯಮಕ್ಕೆ ಹೊಂದುತ್ತಿರಲಿಲ್ಲ. ಅವಳಿಗೆ ಮಾತ್ರ ಓಟಕ್ಕೆ ಮೊದಲೇ ಹೇಳಲಾಯಿತು, ಬದಲಾಯಿಸಿಕೊಂಡು ಬರಲು ಅವಕಾಶವೂ ದೊರೆಯಿತು. ಒಬ್ಬಳ ತಪ್ಪನ್ನು ಸರಿಪಡಿಸಲಾಯಿತು, ಇನ್ನೊಬ್ಬಳ ಓಟವನ್ನೇ ಅಳಿಸಿ ಹಾಕಲಾಯಿತು. ಅವಳ ಮನಸ್ಸಿಗೆ ನೋವಾಗದಿರಲೆಂದು ಸುಮ್ಮನಿದ್ದೆವು ಎಂಬುದು ಹಿರಿಯರ ಸಮಜಾಯಿಷಿ. ಮಕ್ಕಳ ಹಿತದ ಹೆಸರಿನಲ್ಲಿ ಮಕ್ಕಳಿಂದಲೇ ವಿಷಯ ಮುಚ್ಚಿಡುವ ಈ ರೋಗ ಅಮೇರಿಕಕ್ಕೆ ಮಾತ್ರ ಸೀಮಿತವಲ್ಲ ಎಂಬುದು ನಮ್ಮ ಓದುಗರಿಗೆ ಗೊತ್ತಿರುವಂಥದ್ದೇ.

ಅಮೇರಿಕದಲ್ಲಿ ಶಾಲಾ ಕ್ರೀಡೆಯೆಂದರೆ ಬಿಡುವಿನ ವೇಳೆಯ ಮನರಂಜನೆಯಲ್ಲ. ವರ್ಷಂಪ್ರತಿ ಸುಮಾರು 80 ಲಕ್ಷ ಸಂಖ್ಯೆಯಲ್ಲಿ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ದಾಖಲಾಗುವ ಬೃಹತ್ ವ್ಯವಸ್ಥೆಯದು. ಉತ್ತಮ ಸಾಧನೆ ತೋರಿದವರಿಗೆ ಕಾಲೇಜಿನ ಬಾಗಿಲು ತೆರೆಯುತ್ತದೆ, ವಿದ್ಯಾರ್ಥಿವೇತನ ದೊರೆಯುತ್ತದೆ. ಅದನ್ನು ಸರಕಾರ ನೇರವಾಗಿ ನಡೆಸುವುದಿಲ್ಲ. ಪ್ರತಿ ರಾಜ್ಯದಲ್ಲೂ ಶಾಲೆಗಳೇ ಸದಸ್ಯರಾಗಿರುವ ಒಂದೊಂದು ಸಂಘವಿದೆ. ರಾಜಧಾನಿ ವಾಷಿಂಗ್ಟನ್ನಿನದೂ ಸೇರಿ ಇಂತಹ 51 ಸಂಘಗಳನ್ನೊಳಗೊಂಡ ರಾಷ್ಟ್ರೀಯ ಒಕ್ಕೂಟವೊಂದು 1920ರಿಂದ ಅಸ್ತಿತ್ವದಲ್ಲಿದೆ. ಒಕ್ಕೂಟ ಆಟದ ನಿಯಮಪುಸ್ತಕವನ್ನು ಬರೆಯುತ್ತದೆ. ಯಾರು ಆಡಬಹುದು, ಯಾರು ಆಡಬಾರದು ಎಂಬುದನ್ನು ತೀರ್ಮಾನಿಸುವ ಅಧಿಕಾರ ರಾಜ್ಯ ಸಂಘಗಳದ್ದು. ಮತದಾರ ಆರಿಸದ, ಹೆಚ್ಚಿನ ಹೆತ್ತವರು ಹೆಸರೂ ಕೇಳಿರದ ಸಮಿತಿಗಳು ಮಕ್ಕಳ ಭವಿಷ್ಯದ ಬಗ್ಗೆ ತೀರ್ಪು ಕೊಡುತ್ತವೆ.

ಹಾಗೆಂದು ಅರ್ಹತಾ ನಿಯಮಗಳೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ನಿಯಮವಿಲ್ಲದಿದ್ದರೆ 20ರ ಯುವಕ 15ರ ಬಾಲಕನ ವಿರುದ್ಧ ಕಣಕ್ಕಿಳಿದಾನು. ಹಣವಂತ ಶಾಲೆಗಳು ಬಡ ಶಾಲೆಗಳ ಪ್ರತಿಭೆಗಳನ್ನೆಲ್ಲ ಕೊಂಡುಕೊಂಡಾವು. ಆದ್ದರಿಂದಲೇ ಅಲ್ಲಿ ವಯಸ್ಸಿನ ಮಿತಿಯಿದೆ. ಮನೆ ಬದಲಾಯಿಸದೆ ಆಟಕ್ಕಾಗಿಯೇ ಶಾಲೆ ಬದಲಾಯಿಸಿದವನನ್ನು ಹೊಸ ಶಾಲೆಯ ತಂಡದಿಂದ ಒಂದಷ್ಟು ಕಾಲ ದೂರವಿಡುವ ನಿಯಮ ಹಲವು ರಾಜ್ಯಗಳಲ್ಲಿದೆ. ಇವೆಲ್ಲ ದುರ್ಬಲನ ರಕ್ಷಣೆಗಾಗಿ ಇರುವ ನಿಯಮಗಳು. ಇವುಗಳಿಂದಲೂ ನಿರಪರಾಧಿಗಳಿಗೆ ತೊಂದರೆಯಾಗುವುದುಂಟು. ಯುದ್ಧಪೀಡಿತ ದೇಶಗಳಿಂದ ಓಡಿ ಬಂದ ಅನೇಕ ನಿರಾಶ್ರಿತ ಮಕ್ಕಳ ಕಾಗದಪತ್ರಗಳಲ್ಲಿ ಜನ್ಮದಿನ ಜನವರಿ 1 ಎಂದೇ ನಮೂದಾಗಿರುತ್ತದೆ, ಏಕೆಂದರೆ ನಿಜವಾದ ದಿನಾಂಕದ ದಾಖಲೆಯೇ ಇರುವುದಿಲ್ಲ. (ನಮ್ಮ ಹಳೆಯ ತಲೆಮಾರಿನ ಅರ್ಧ ಊರೇ ಜೂನ್ 1ರಂದು ಹುಟ್ಟಿದ್ದನ್ನು ಬಲ್ಲವರಿಗೆ ಇದು ಸೋಜಿಗವೆನಿಸದು.) ಆದರೂ ವಯಸ್ಸಿನ ನಿಯಮ ಎಲ್ಲರಿಗೂ ಒಂದೇ. ಅದು ಯಾರ ಮುಖವನ್ನೂ ನೋಡಿ ಬರೆದದ್ದಲ್ಲ.

ಟೆನೆಸ್ಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಪ್ರಕರಣ ಈ ನಿಟ್ಟಿನಲ್ಲಿ ಉಲ್ಲೇಖಾರ್ಹವಾಗಿದೆ. 1997ರಲ್ಲಿ ಅದರ ಫುಟ್ಬಾಲ್ ತರಬೇತುದಾರ ಎಂಟನೇ ತರಗತಿಯ ಕೆಲವು ವಿದ್ಯಾರ್ಥಿಗಳಿಗೆ ಪತ್ರ ಬರೆದು ಅಭ್ಯಾಸಕ್ಕೆ ಬರುವಂತೆ ಆಹ್ವಾನಿಸಿದ. ಆಟಗಾರರನ್ನು ಸೆಳೆಯಬಾರದೆಂಬ ನಿಯಮದ ಉಲ್ಲಂಘನೆ ಇದೆಂದು ರಾಜ್ಯ ಸಂಘವು ಶಾಲೆಗೆ 3,000 ಡಾಲರ್ ದಂಡ ವಿಧಿಸಿತಲ್ಲದೆ, ಎರಡು ವರ್ಷಗಳ ಕಾಲ ಅಂತಿಮ ಹಂತದ ಸ್ಪರ್ಧೆಗಳಿಂದ ಅದರ ಫುಟ್ಬಾಲ್ ಮತ್ತು ಬಾಲಕರ ಬಾಸ್ಕೆಟ್‌ಬಾಲ್ ತಂಡಗಳನ್ನು ಹೊರಗಿಟ್ಟಿತು. ಶಾಲೆ ನ್ಯಾಯಾಲಯಕ್ಕೆ ಹೋಯಿತು. ನಾವು ಖಾಸಗಿ ಸಂಸ್ಥೆ, ಸಂವಿಧಾನದ ಕಟ್ಟಳೆಗಳು ನಮಗೆ ಅನ್ವಯಿಸುವುದಿಲ್ಲ ಎಂದು ಸಂಘ ವಾದಿಸಿತು. 2001ರಲ್ಲಿ ಅಮೇರಿಕದ ಸುಪ್ರೀಮ್ ಕೋರ್ಟ್ ಈ ವಾದವನ್ನು ತಳ್ಳಿ ಹಾಕಿತು. ಸದಸ್ಯ ಶಾಲೆಗಳ ಪೈಕಿ ಶೇ. 84ರಷ್ಟು ಸರಕಾರಿ ಶಾಲೆಗಳಾಗಿರುವಾಗ, ಸರಕಾರಿ ಶಾಲೆಗಳ ಅಧಿಕಾರಿಗಳೇ ಅದನ್ನು ನಡೆಸುತ್ತಿರುವಾಗ, ಸಂಘದ ಕ್ರಮವನ್ನು ಸರಕಾರದ ಕ್ರಮವೆಂದೇ ಪರಿಗಣಿಸಬೇಕಾಗುತ್ತದೆ ಎಂದು ಐವರು ನ್ಯಾಯಾಧೀಶರು ಅಭಿಪ್ರಾಯಪಟ್ಟರು, ನಾಲ್ವರು ಭಿನ್ನಮತ ವ್ಯಕ್ತಪಡಿಸಿದರು. ಆದರೆ 2007ರಲ್ಲಿ ಅದೇ ವಿವಾದ ಮರಳಿ ಬಂದಾಗ ಶಾಲೆ ಸೋತಿತು. ಸ್ವಇಚ್ಛೆಯಿಂದ ಸದಸ್ಯತ್ವ ಪಡೆದ ಶಾಲೆಯ ಮೇಲೆ ಮಕ್ಕಳನ್ನು ಸೆಳೆಯದಂತೆ ನಿರ್ಬಂಧ ಹೇರುವುದರಿಂದ ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯಾಗದು ಎಂದಿತು ನ್ಯಾಯಾಲಯ. ಎರಡೂ ತೀರ್ಪುಗಳು ಸರಿ ಎಂದೇ ನಮ್ಮ ಅಭಿಮತ. ಸಂಘಕ್ಕೆ ನಿಯಮ ಮಾಡುವ ಹಕ್ಕಿದೆ, ಆದರೆ ಆ ಹಕ್ಕು ಸಂವಿಧಾನಕ್ಕಿಂತ ದೊಡ್ಡದಲ್ಲ.

ಸರಕಾರಿ ಶಾಲೆಗಳ ನೆರಳೇ ಇಲ್ಲದ ಸಂಘಗಳಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಟೆಕ್ಸಾಸ್‌ನಲ್ಲಿ ಸರಕಾರಿ ಶಾಲೆಗಳ ಕ್ರೀಡಾ ಸಂಘವು ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ ಖಾಸಗಿ ಶಾಲೆಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಹೆಚ್ಚಿನ ಖಾಸಗಿ ಶಾಲೆಗಳು ‘ಟ್ಯಾಪ್ಸ್’ ಎಂಬ ಖಾಸಗಿ ಸಂಘಕ್ಕೆ ಸೇರುತ್ತವೆ. ಅದರಲ್ಲಿ ಬಹುಪಾಲು ಕ್ರೈಸ್ತ ಶಾಲೆಗಳು. 2010ರಲ್ಲಿ ಹ್ಯೂಸ್ಟನ್‌ನ ಇಮಾನ್ ಅಕಾಡೆಮಿ ಎಂಬ ಇಸ್ಲಾಮೀ ಶಾಲೆ ಸದಸ್ಯತ್ವಕ್ಕೆ ಅರ್ಜಿ ಹಾಕಿತು. ಪ್ರತಿಯಾಗಿ ಬಂದದ್ದು ಒಂದು ಪ್ರಶ್ನಾವಳಿ. ಕುರ್‌ಆನ್ ಕ್ರೈಸ್ತರು ಮತ್ತು ಯಹೂದಿಯರ ಬಗ್ಗೆ ಏನನ್ನುತ್ತದೆ, ಅಮೇರಿಕದಲ್ಲಿ ಇಸ್ಲಾಮ್ ಹರಡುವುದರ ಬಗ್ಗೆ ಶಾಲೆಯ ನಿಲುವೇನು, ನಿಮ್ಮ ನಂಬಿಕೆಯನ್ನು ಒಪ್ಪದವರ ಸಂಘಕ್ಕೆ ಸೇರಲು ನಿಮಗೇಕೆ ಆಸಕ್ತಿ ಎಂಬ ಧಾಟಿಯ ಪ್ರಶ್ನೆಗಳು ಅದರಲ್ಲಿದ್ದವು. ಬಾಸ್ಕೆಟ್‌ಬಾಲ್ ಆಡಲು ಬಯಸಿದ ಮಕ್ಕಳಿಗಾಗಿ ಅವರ ಶಾಲೆ ಧರ್ಮಶಾಸ್ತ್ರದ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು! ಶಾಲೆ ಉತ್ತರಿಸಿತು. ಆದರೂ ಅರ್ಜಿ ತಿರಸ್ಕೃತವಾಯಿತು.

ಈ ಸುದ್ದಿ ಎಲ್ಲರ ಗಮನ ಸೆಳೆದದ್ದು ಎರಡು ವರ್ಷಗಳ ಬಳಿಕ. ಅದಕ್ಕೆ ಕಾರಣವಾದದ್ದು ಯಹೂದಿ ಶಾಲೆಯೊಂದು ಎಂಬುದು ವಿಶೇಷ. 2012ರಲ್ಲಿ ಹ್ಯೂಸ್ಟನ್‌ನದೇ ಬೆರೆನ್ ಅಕಾಡೆಮಿ ಬಾಸ್ಕೆಟ್‌ಬಾಲ್‌ನಲ್ಲಿ ಸೆಮಿಫೈನಲ್ ತಲುಪಿತು. ಪಂದ್ಯವನ್ನು ಶುಕ್ರವಾರ ರಾತ್ರಿಗೆ, ಅಂದರೆ ಯಹೂದಿಯರ ಸಬ್ಬತ್ ಆರಂಭವಾದ ಬಳಿಕದ ಹೊತ್ತಿಗೆ ನಿಗದಿಪಡಿಸಲಾಗಿತ್ತು. ಸಮಯ ಬದಲಾಯಿಸಲು ಶಾಲೆ ಕೋರಿದಾಗ ಸಂಘ ನಿರಾಕರಿಸಿತು. ಸದಸ್ಯರಾಗುವಾಗಲೇ ನಿಮಗೆ ವೇಳಾಪಟ್ಟಿ ಗೊತ್ತಿತ್ತಲ್ಲ ಎಂಬುದು ಅದರ ಧೋರಣೆ. ವಿಪರ್ಯಾಸವೇನೆಂದರೆ ಇದೇ ಸಂಘ ಆದಿತ್ಯವಾರ ಪಂದ್ಯಗಳನ್ನು ಇಡುತ್ತಿರಲಿಲ್ಲ. ಬಹುಸಂಖ್ಯಾತರ ಪವಿತ್ರ ದಿನ ವೇಳಾಪಟ್ಟಿಯೊಳಗೇ ಅಡಗಿತ್ತು, ಆದ್ದರಿಂದ ಅದು ಯಾರ ಕಣ್ಣಿಗೂ ರಿಯಾಯಿತಿಯಾಗಿ ಕಾಣಿಸಲಿಲ್ಲ. ಕೊನೆಗೆ ಕೆಲವು ಆಟಗಾರರು ಮತ್ತು ಹೆತ್ತವರು ದಾವೆ ಹೂಡಿದೊಡನೆ ಸಂಘ ಮಣಿಯಿತು. ಪಂದ್ಯ ಶುಕ್ರವಾರ ಮಧ್ಯಾಹ್ನಕ್ಕೆ ಬದಲಾಯಿತು, ಬೆರೆನ್ ಗೆದ್ದಿತು. ಶನಿವಾರ ಸೂರ್ಯಾಸ್ತದ ಬಳಿಕ ನಡೆದ ಫೈನಲ್‌ನಲ್ಲಿ ಸೋತಿತು. ಮೈದಾನದಲ್ಲಿ ಆಡಿ ಸೋಲುವುದು ಬೇರೆ, ಕಚೇರಿಯ ಮೇಜಿನ ಮೇಲೆ ಸೋಲುವುದು ಬೇರೆ. ಆ ಮಕ್ಕಳಿಗೆ ಮೊದಲನೆಯದು ದಕ್ಕಿತು. ಇಮಾನ್ ಅಕಾಡೆಮಿಯ ಮಕ್ಕಳಿಗೆ ಅದೂ ದಕ್ಕಿರಲಿಲ್ಲ.

ಹಿಜಾಬ್‌ನ ನಿಯಮವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ನಾವು ಹಿಜಾಬನ್ನು ನಿಷೇಧಿಸಿಲ್ಲ, ಪತ್ರವೊಂದನ್ನು ತನ್ನಿ ಎಂದಷ್ಟೇ ಹೇಳಿದ್ದೇವೆ ಎಂದು ಸಂಘಗಳು ವಾದಿಸುತ್ತಿದ್ದವು. ಕೇಳುವುದಕ್ಕೆ ಇದು ಸಮಂಜಸವಾಗಿಯೇ ತೋರುತ್ತದೆ. ಆದರೆ 2017ರ ಮಾರ್ಚ್‌ನಲ್ಲಿ ಮೇರಿಲ್ಯಾಂಡ್‌ನಲ್ಲಿ ಇಡೀ ಋತು ಆಡಿದ್ದ ಹುಡುಗಿಯೊಬ್ಬಳು ಪ್ರಾದೇಶಿಕ ಫೈನಲ್‌ನ ದಿನ ಬೆಂಚಿನ ಮೇಲೆ ಕೂರಬೇಕಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಟೆನೆಸ್ಸೀಯ ನ್ಯಾಶ್‌ವಿಲ್‌ನಲ್ಲಿ 14ರ ಹರೆಯದ ವಿದ್ಯಾರ್ಥಿನಿಯೊಬ್ಬಳನ್ನು ವಾಲಿಬಾಲ್ ಪಂದ್ಯದಿಂದ ಹೊರಗಿಡಲಾಯಿತು. ಯಾರೂ ಓದದ ನಿಯಮ ಪುಸ್ತಕದಲ್ಲಿ ನಿದ್ರಿಸುತ್ತಿರುತ್ತದೆ. ಯಾವುದೋ ಒಬ್ಬ ತೀರ್ಪುಗಾರ ಅತ್ಯಂತ ಮುಖ್ಯವಾದ ದಿನ ಅದನ್ನು ಎಬ್ಬಿಸುತ್ತಾನೆ. ಮುಂಚಿತ ಅನುಮತಿಯ ನಿಯಮಗಳ ಸ್ವಭಾವವೇ ಇದು.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ‘ರುಖ್ಸ’ ಎಂಬ ಪರಿಕಲ್ಪನೆಯಿದೆ. ಅಂದರೆ ಕಷ್ಟದಲ್ಲಿರುವವನಿಗೆ ಶರೀಅತ್ ನೀಡುವ ರಿಯಾಯಿತಿ. ಪ್ರಯಾಣಿಕ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೆ ಇಳಿಸುತ್ತಾನೆ, ರೋಗಿ ಉಪವಾಸವನ್ನು ಮುಂದೂಡುತ್ತಾನೆ. ಇದಕ್ಕಾಗಿ ಯಾವ ಪ್ರಯಾಣಿಕನೂ ಊರಿನ ಕಾಝಿಯಿಂದ ಪತ್ರ ತರಬೇಕಾಗಿಲ್ಲ. ಸ್ಥಿತಿಯೇ ಅವನ ಅರ್ಹತೆ. ಪ್ರತಿ ಪ್ರಯಾಣಿಕನೂ ಮೊದಲು ಅರ್ಜಿ ಹಾಕಲಿ ಎಂದಿದ್ದರೆ ಅದು ರಿಯಾಯಿತಿಯಾಗದೆ ಮತ್ತೊಂದು ಹೊರೆಯಾಗುತ್ತಿತ್ತು. ಒಹಾಯೊದ ವಿನಾಯಿತಿ ಪತ್ರ ಇಂತಹ ಹೊರೆ. ತಲೆಗವಸು ಧರಿಸದವಳು ನೇರವಾಗಿ ಓಟದ ಸಾಲಿನಲ್ಲಿ ನಿಲ್ಲುತ್ತಾಳೆ. ಧರಿಸುವವಳು ಮೊದಲು ಅರ್ಜಿದಾರಳಾಗಿ, ತನ್ನ ನಂಬಿಕೆ ನಿಜವೆಂದು ಅಪರಿಚಿತ ಅಧಿಕಾರಿಗೆ ಮನವರಿಕೆ ಮಾಡಿ, ಆ ಬಳಿಕ ಓಟಗಾರ್ತಿಯಾಗಬೇಕು.

ಆ ವಿದ್ಯಾರ್ಥಿನಿ ಮತ್ತು ಅವಳ ಕುಟುಂಬ ಇದನ್ನು ಅಲ್ಲಿಗೇ ಬಿಡಲಿಲ್ಲ. ಮುಂದಿನ ಹಂತದ ಓಟಕ್ಕೆ ಅವಳಿಗೆ ಪತ್ರವೇನೋ ದೊರೆಯಿತು. ಅದನ್ನು ಪಡೆದು ಸುಮ್ಮನಾಗಬಹುದಿತ್ತು. ಆದರೆ ನಂತರ ಬರುವವರು ಯಾಕೆ ಪತ್ರ ತರಬೇಕು ಎಂಬ ಪ್ರಶ್ನೆಯೊಂದಿಗೆ ಅವಳು ರಾಜ್ಯದ ಶಾಸಕರನ್ನು ತಲುಪಿದಳು. ಮಸೂದೆ ಮಂಡಿಸಿದ ಸೆನೆಟರ್ ತೆರೇಸಾ ಗವರೋನ್ ಮುಸ್ಲಿಮರಲ್ಲ, ರಿಪಬ್ಲಿಕನ್ ಪಕ್ಷದವರು. 2022ರ ಆರಂಭದಲ್ಲಿ ಗವರ್ನರ್ ಮೈಕ್ ಡಿವೈನ್ ಅದಕ್ಕೆ ಸಹಿ ಹಾಕಿದರು. ಧಾರ್ಮಿಕ ಉಡುಪಿಗೆ ಮುಂಚಿತ ಅನುಮತಿ ಬೇಕಿಲ್ಲ, ಅಪಾಯದಂತಹ ನೈಜ ಕಾರಣವಿದ್ದರೆ ಮಾತ್ರ ತಡೆಯಬಹುದು ಎಂಬುದು ಆ ಕಾನೂನಿನ ಸಾರ. ಈಗ ಕಾರಣ ಹೇಳಬೇಕಾದವರು ತಡೆಯುವವರು. ನ್ಯಾಶ್‌ವಿಲ್ ಘಟನೆಯ ಬಳಿಕ ರಾಷ್ಟ್ರೀಯ ಒಕ್ಕೂಟ ಕೂಡ 2021-22ರ ಋತುವಿನಿಂದ ವಾಲಿಬಾಲ್‌ನಲ್ಲಿ ಅನುಮತಿಯ ಷರತ್ತನ್ನು ಕೈಬಿಟ್ಟಿತು. ಜಾಗತಿಕ ಫುಟ್ಬಾಲ್‌ನಲ್ಲಿ 2014ರಲ್ಲೂ ಬಾಸ್ಕೆಟ್‌ಬಾಲ್‌ನಲ್ಲಿ 2017ರಲ್ಲೂ ಬಾಗಿಲು ತೆರೆದಿತ್ತು. ಅದೇ 2022ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟು ತರಗತಿಯೊಳಗಿನ ಹಿಜಾಬ್ ನಿರ್ಬಂಧವನ್ನು ಎತ್ತಿ ಹಿಡಿದದ್ದನ್ನು, ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದ್ದನ್ನು ಇಲ್ಲಿ ನೆನಪಿಸದಿರಲು ಸಾಧ್ಯವಿಲ್ಲ. ಅಲ್ಲಿ ಪ್ರಶ್ನೆ ಆಟದ್ದಾಗಿತ್ತು, ಇಲ್ಲಿ ಪಾಠದ್ದು.

ಇಷ್ಟು ಬರೆದ ಮೇಲೆ ನಮ್ಮ ಸಮುದಾಯದೊಡನೆ ಒಂದು ಮಾತು ಹೇಳದಿದ್ದರೆ ಲೇಖನ ಅರ್ಧ ಸತ್ಯವಾದೀತು. ಒಹಾಯೊದ ಹುಡುಗಿಯ ಪರವಾಗಿ ಸಿಟ್ಟಾಗುವ ನಮ್ಮಲ್ಲಿ ಎಷ್ಟು ಮಂದಿ ನಮ್ಮ ಮಗಳನ್ನು ಓಡಲು ಬಿಟ್ಟಿದ್ದೇವೆ? ಪತ್ನಿ ಆಯಿಶಾ(ರ)ರೊಂದಿಗೆ ಪ್ರವಾದಿವರ್ಯರು(ಸ) ಓಟದ ಸ್ಪರ್ಧೆ ನಡೆಸಿದ್ದನ್ನು, ಒಮ್ಮೆ ಅವರು ಗೆದ್ದು ಇನ್ನೊಮ್ಮೆ ಇವರು ಗೆದ್ದದ್ದನ್ನು ವೇದಿಕೆಗಳಲ್ಲಿ ಹೇಳುತ್ತೇವೆ. ಹತ್ತನೇ ತರಗತಿಗೆ ಬಂದ ಹುಡುಗಿಗೆ ಆಟದ ಅವಧಿಯಲ್ಲಿ ಹೊಲಿಗೆ ಹೇಳಿಕೊಡುತ್ತೇವೆ. ಮುಸ್ಲಿಮ್ ಆಡಳಿತದ ಶಾಲೆಗಳಲ್ಲೂ ಮೈದಾನವಿದ್ದರೆ ಅದು ಹುಡುಗರ ಕ್ರಿಕೆಟ್‌ಗೆ, ಉಳಿದ ದಿನ ವಾಹನ ನಿಲುಗಡೆಗೆ ಎಂಬ ಸ್ಥಿತಿಯನ್ನು ನಾವು ಕಂಡಿದ್ದೇವೆ. ದೈಹಿಕ ಶಿಕ್ಷಕಿಯನ್ನು ನೇಮಿಸಿ ಎಂದರೆ ಖರ್ಚಿನ ಲೆಕ್ಕ ಬರುತ್ತದೆ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಆ ಲೆಕ್ಕ ಬರುವುದಿಲ್ಲ.

ಇನ್ನು ವಯಸ್ಸಿನ ವಿಚಾರ. 14, 17, 19ರ ಕೆಳಗಿನವರೆಂಬ ವಿಭಾಗಗಳಲ್ಲಿ ನಡೆಯುವ ಶಾಲಾ ಕ್ರೀಡಾಕೂಟಗಳಿಗೆ ದಾಖಲೆ ತಿದ್ದಿ ದೊಡ್ಡ ಹುಡುಗರನ್ನು ಕಳಿಸುವ ಚಾಳಿ ನಮ್ಮ ದೇಶದ ಹಳೆಯ ಕಾಯಿಲೆ. ಅದನ್ನು ತಡೆಯಲೆಂದೇ ಕೇಂದ್ರ ಸರಕಾರ 2010ರಲ್ಲಿ ರಾಷ್ಟ್ರೀಯ ಸಂಹಿತೆಯೊಂದನ್ನು ತರಬೇಕಾಯಿತು. ಈ ವಂಚನೆಗೆ ಜಾತಿ-ಧರ್ಮದ ಭೇದವಿಲ್ಲ. ಟೆಕ್ಸಾಸ್‌ನ ಸಂಘದಿಂದ ನ್ಯಾಯ ಬೇಡುವ ನಾಲಗೆ, ಪಕ್ಕದ ಶಾಲೆಯ 13ರ ಬಾಲಕನ ಸ್ಥಾನವನ್ನು ನಮ್ಮ 16ರ ಬಾಲಕ ಕಿತ್ತುಕೊಂಡಾಗ ಸುಮ್ಮನಿರುವಂತಿಲ್ಲ. ಮುಂದಿನ ಕ್ರೀಡಾಕೂಟದ ಅರ್ಜಿಗಳು ಶಾಲೆಗಳಿಗೆ ಬಂದಾಗ ಹೆತ್ತವರು ಮುಖ್ಯೋಪಾಧ್ಯಾಯರ ಬಳಿ ಎರಡು ಪ್ರಶ್ನೆಗಳನ್ನು ಕೇಳಲಿ: ಹುಡುಗಿಯರ ತಂಡದ ಪಟ್ಟಿ ಎಲ್ಲಿದೆ, ಮತ್ತು ಹುಡುಗರ ಪಟ್ಟಿಯಲ್ಲಿರುವ ಜನ್ಮದಿನಾಂಕಗಳನ್ನು ಪರಿಶೀಲಿಸಿದವರು ಯಾರು?