ಕಪಾಟಿನಲ್ಲೇ ಖಾಲಿಯಾದ ಕರೆಂಟು

ಮಳೆಗಾಲ ಶುರುವಾಯಿತೆಂದರೆ ಮುಂಬಯಿಯಲ್ಲಿರುವ ನಮ್ಮಂಥವರಿಗೆ ಎರಡು ಚಿಂತೆ. ಒಂದು ಲೋಕಲ್ ಟ್ರೇನಿನದು, ಇನ್ನೊಂದು ಊರಿನದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಲ್ಲಿ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು, ಲೈನ್‌ಮನ್ ಮಳೆಯಲ್ಲೇ ಕಾಡು ಸುತ್ತಿ ಜಾಗ ಹುಡುಕುವವರೆಗೆ ಕರೆಂಟಿನ ಮಾತಿಲ್ಲ.

ಎರಡು ವರ್ಷದ ಹಿಂದಿನ ಜುಲೈಯಲ್ಲಿ ಹೀಗೇ ಹೋದದ್ದು ನಾಲ್ಕು ದಿನ ಬರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬಳೇ. ಎರಡನೇ ದಿನ ಸಂಜೆಗೆ ಅವಳ ಮೊಬೈಲು ಸ್ವಿಚ್ ಆಫ್. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಕೂತು ನಾನು ಗಂಟೆಗೊಮ್ಮೆ ನಂಬರು ಒತ್ತುತ್ತಿದ್ದೆ. ಐದನೇ ದಿನ ಅವಳೇ ಫೋನ್ ಮಾಡಿ, “ಇಲ್ಲೆಂತ ಆಗ್ಲಿಲ್ಲ ಮಾರಾಯ, ಚಾರ್ಜ್ ಇರ್ಲಿಲ್ಲ ಅಷ್ಟೇ” ಎಂದಳು. ಅಷ್ಟೇ ಎನ್ನುವುದು ಅವಳಿಗೆ ಸುಲಭ.

ಅಂಗಡಿಯ ಪವರ್ ಬ್ಯಾಂಕ್ ಕೊಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಕೊಡಿಸಿದ್ದೆ. ಮೂರನೇ ವರ್ಷಕ್ಕೆ ಅದು ಹಲಸಿನ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಬಹಳ ಕಾಲ ಬಾಳುವಂಥದ್ದನ್ನು ನಾನೇ ಮಾಡಿದರೆ ಹೇಗೆ ಎಂಬ ಹುಚ್ಚು ಹತ್ತಿದ್ದು ಆಗ.

ಮೊದಲು ಲೆಕ್ಕ. ಡಬ್ಬಿಯ ಮೇಲೆ 10,000 ಎಂಎಎಚ್ ಎಂದು ಬರೆದಿರುತ್ತದಲ್ಲ, ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 37 ವ್ಯಾಟ್-ಅವರ್. ಹೊರಗೆ ಬರುವುದು 5 ವೋಲ್ಟಿನಲ್ಲಿ. ಅಲ್ಲಿಗೇ ಅದು 7,400 ಆಯಿತು. ವೋಲ್ಟೇಜ್ ಏರಿಸುವಾಗ ಬಿಸಿಯಾಗಿ ಹೋಗುವುದನ್ನೂ ಕಳೆದರೆ ಕೈಗೆ ಸಿಗುವುದು ಆರು ಸಾವಿರದ ಚಿಲ್ಲರೆ. ಆದ್ದರಿಂದ ಎಂಎಎಚ್ ಬಿಟ್ಟು ವ್ಯಾಟ್-ಅವರ್ ನೋಡುವುದು ಒಳ್ಳೆಯದು.

ಎರಡನೆಯದು ಸೆಲ್ಲಿನ ಜಾತಿ. ಮಾಮೂಲಿ ಲಿಥಿಯಂ ಅಯಾನ್ ಸೆಲ್ಲು 300ರಿಂದ 500 ಸಲ ತುಂಬಿ ಖಾಲಿ ಮಾಡುವಷ್ಟರಲ್ಲಿ ಸೊರಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಜಾತಿ 2,000 ಸಲಕ್ಕೂ ಹೆಚ್ಚು ಬಾಳುತ್ತದೆ. ತೂಕ ಜಾಸ್ತಿ, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ. ಇದನ್ನು ಕಂಡುಕೊಂಡದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ತಂಡ. 1997ರ ಅವರ ಪ್ರಬಂಧದಲ್ಲಿ ಗುಡ್‌ಇನಫ್ ಜೊತೆ ಪಾಢಿ, ನಂಜುಂಡಸ್ವಾಮಿ ಎಂಬ ಹೆಸರುಗಳಿವೆ. ನಂಜುಂಡಸ್ವಾಮಿ ಎಂದು ಓದಿದಾಗ ನನ್ನ ಕಿವಿ ನೆಟ್ಟಗಾದದ್ದು ಸುಳ್ಳಲ್ಲ!

ಒಂದು ಭಾನುವಾರ ಬಿಟ್ಟು ಶನಿವಾರ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಚೆನ್ನೈನವರಿಗೆ ರಿಚ್ಚಿ ಸ್ಟ್ರೀಟು, ದೆಹಲಿಯವರಿಗೆ ಲಾಜ್‌ಪತ್ ರಾಯ್ ಮಾರ್ಕೆಟ್ಟು ಇದ್ದ ಹಾಗೆ ನಮಗೆ ಇದು. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳು ಅಗ್ಗಕ್ಕೆ ಸಿಗುತ್ತವೆ. ಹಿಂದೊಮ್ಮೆ ಅವನ್ನು ತಂದು ಚಾರ್ಜಿಗಿಟ್ಟಾಗ ಒಂದು ಸೆಲ್ಲು ಮುಟ್ಟಲಾಗದಷ್ಟು ಕಾದು, ಹೆಂಡತಿ ಇಕ್ಕಳದಲ್ಲಿ ಹಿಡಿದು ಬಾಲ್ಕನಿಯ ಮರಳಿನ ಕುಂಡಕ್ಕೆ ಹಾಕಿದ್ದಳು. ಈ ಸಲ ಹೊಸದನ್ನೇ ತೆಗೆದುಕೊಂಡೆ. 3.2 ವೋಲ್ಟಿನ, 6,000 ಎಂಎಎಚ್‌ನ ನಾಲ್ಕು ದಪ್ಪ ಸೆಲ್ಲು. ನಾಲ್ಕರ ವೋಲ್ಟೇಜೂ ಒಂದೇ ಇದೆಯೆಂದು ಮೀಟರಿನಲ್ಲಿ ನೋಡಿಯೇ ಪ್ಯಾರಲೆಲ್ ಜೋಡಿಸಬೇಕು. ಇಲ್ಲದಿದ್ದರೆ ತುಂಬಿದ್ದು ಖಾಲಿಯದಕ್ಕೆ ಒಮ್ಮೆಲೇ ನುಗ್ಗುತ್ತದೆ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಕಾಯಿಸಬಾರದು. ಅಂಗಡಿಯವನೇ ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿಕೊಟ್ಟ.

ಎಲ್ಲ ಕಡೆ ಸಿಗುವ ಅಗ್ಗದ ಚಾರ್ಜಿಂಗ್ ಬೋರ್ಡು 4.2 ವೋಲ್ಟಿನವರೆಗೆ ತುಂಬುತ್ತದೆ. ಈ ಸೆಲ್ಲಿಗೆ 3.65 ದಾಟಬಾರದು. ಅದಕ್ಕೆ ತಕ್ಕ ಬೋರ್ಡು, ಇದೇ ಜಾತಿಯ ಸೆಲ್ಲಿನ ಪ್ರೊಟೆಕ್ಷನ್ ಬೋರ್ಡು, ಒಂದು ಫ್ಯೂಸು, 5 ವೋಲ್ಟಿಗೆ ಏರಿಸುವ ಬೂಸ್ಟ್ ಬೋರ್ಡು, ಇಷ್ಟನ್ನು ಮಗಳ ಹಳೆ ಪ್ಲಾಸ್ಟಿಕ್ ಟಿಫಿನ್ ಡಬ್ಬಿಯಲ್ಲಿ ಕೂರಿಸಿದೆ. ಒಟ್ಟು 77 ವ್ಯಾಟ್-ಅವರ್. ನಷ್ಟ ಕಳೆದು 65 ಸಿಕ್ಕರೂ ಅಮ್ಮನ ಫೋನು ಮೂರು ಸಲ ತುಂಬುತ್ತದೆ. ಇಲ್ಲವೇ 3 ವ್ಯಾಟಿನ ಯುಎಸ್‌ಬಿ ಬಲ್ಬು ಇಪ್ಪತ್ತು ಗಂಟೆ ಉರಿಯುತ್ತದೆ. ಗುರುತು ಪರಿಚಯವಿಲ್ಲದ ಇಂಥ ಡಬ್ಬಿಯನ್ನು ವಿಮಾನದವರು ಒಪ್ಪುವುದು ಕಷ್ಟ. ಯುಗಾದಿಗೆ ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗಿ, ಘಾಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಊರು ಮುಟ್ಟಿಸಿದೆ.

ಅಮ್ಮ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. “ಸುಮ್ನೆ ಖರ್ಚು ಮಾಡುದು ಬೇಡ, ಮಳೆಗಾಲಕ್ಕೆ ಬೇಕಾಗ್ತದೆ.”

ಜುಲೈಯಲ್ಲಿ ಕರೆಂಟು ಹೋಯಿತು. ನಾನು ನಿಶ್ಚಿಂತೆಯಿಂದ ಇದ್ದೆ. ಎರಡನೇ ದಿನ ಮತ್ತೆ ಅದೇ ಸ್ವಿಚ್ ಆಫ್. ಮೂರನೇ ದಿನ ಪಕ್ಕದ ಮನೆಯ ಹುಡುಗನ ಫೋನಿನಿಂದ ಮಾತಾಡಿದಳು. “ನಿನ್ನ ಡಬ್ಬಿ ಸತ್ತೇ ಹೋಗಿದೆ ಕಣೋ. ನಾ ಎಂತ ಮುಟ್ಟಲೂ ಇಲ್ಲ.” ತಪ್ಪು ತನ್ನದೇನೋ ಎನ್ನುವ ಹಾಗಿತ್ತು ದನಿ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಗೌರಿ ಹಬ್ಬಕ್ಕೆ ಹೋದಾಗ ತೆರೆದು ನೋಡಿದೆ. ಸೆಲ್ಲುಗಳು ಸರಿಯಾಗಿಯೇ ಇದ್ದವು. ತೀರಾ ಬರಿದಾಗುವ ಮೊದಲೇ ಪ್ರೊಟೆಕ್ಷನ್ ಬೋರ್ಡು ಕಡಿದುಹಾಕಿತ್ತು. ಮತ್ತೆ ಚಾರ್ಜು ಮಾಡಿ, ಏನನ್ನೂ ಜೋಡಿಸದೆ ಮೀಟರು ಹಿಡಿದರೆ 10 ಮಿಲಿಆಂಪ್ ಹರಿಯುತ್ತಿದೆ! ಬೂಸ್ಟ್ ಬೋರ್ಡು ಮತ್ತು ಅದರ ಮೇಲಿನ ಅಕ್ಕಿಕಾಳಿನಷ್ಟು ಕೆಂಪು ದೀಪ ಹಗಲೂ ರಾತ್ರಿ ಕುಡಿಯುತ್ತಿದ್ದವು. ದಿನಕ್ಕೆ 240, ನೂರು ದಿನಕ್ಕೆ 24,000. ಯುಗಾದಿಯಿಂದ ಜುಲೈಗೆ ಹೆಚ್ಚುಕಡಿಮೆ ನೂರು ದಿನ. ಅಮ್ಮ ಉಳಿಸಿಟ್ಟದ್ದಷ್ಟನ್ನೂ ನಾನು ಸೋರಲು ಬಿಟ್ಟಿದ್ದೆ. ಅಂಗಡಿಯವು ಕೆಲಸವಿಲ್ಲದಾಗ ತಾವೇ ಮಲಗುತ್ತವೆ. ನನ್ನದಕ್ಕೆ ಮಲಗಲು ಹೇಳಿಕೊಟ್ಟಿರಲಿಲ್ಲ. ಎರಡು ಸಾವಿರ ಸಲ ಬಾಳುವ ಸೆಲ್ಲು ಹುಡುಕುವ ಭರದಲ್ಲಿ, ಅಮ್ಮ ಅದನ್ನು ಬಳಸುವುದೇ ವರ್ಷಕ್ಕೆ ನಾಲ್ಕು ಸಲ ಎಂಬುದು ಹೊಳೆದಿರಲಿಲ್ಲ.

ತೀರ್ಥಹಳ್ಳಿ ಪೇಟೆಯಿಂದ ಒಂದು ಸಣ್ಣ ಸ್ವಿಚ್ಚು ತಂದು ಬ್ಯಾಟರಿಗೂ ಬೂಸ್ಟ್ ಬೋರ್ಡಿಗೂ ನಡುವೆ ಹಾಕಿದೆ. ಆರಿಸಿದರೆ ಬೂಸ್ಟ್ ಬೋರ್ಡಿಗೆ ಏನೂ ಸಿಗದು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಬೇಡದಾಗ ಆರಿಸು’ ಎಂದು ಬರೆದು, ಎರಡು ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಚಾರ್ಜಿಗೆ ಹಾಕಬೇಕೆಂದು ಹೇಳಿ ಬಂದೆ. ನೀವೇನಾದರೂ ಇಂಥದ್ದು ಮಾಡುವುದಾದರೆ ಸೆಲ್ಲಿಗಿಂತ ಮೊದಲು ಸ್ವಿಚ್ಚು ಕೊಳ್ಳಿ.

ಈ ವರ್ಷ ಜುಲೈಯಲ್ಲಿ ಮತ್ತೆ ಮೂರು ದಿನ ಕರೆಂಟಿಲ್ಲ. ಮೂರನೇ ರಾತ್ರಿ ಫೋನ್ ಬಂತು. ಅಡಿಕೆ ತೋಟಕ್ಕೆ ನೀರು ನುಗ್ಗಿದ್ದು, ಹಂಡೆಯೊಲೆಗೆ ಒಣ ಸೌದೆ ಇಲ್ಲದ್ದು, ಪಕ್ಕದ ಮನೆಯ ಹುಡುಗನ ಫೋನಿಗೂ ಚಾರ್ಜು ಕೊಟ್ಟದ್ದು, ಎಲ್ಲ ಹೇಳಿದಳು. ಹಿಂದಿನಿಂದ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ನಾನು ಇನ್ನೂ ಸ್ವಲ್ಪ ಮಾತು ಎಳೆಯಲು ನೋಡಿದೆ.

“ಸಾಕು ಮಾರಾಯ, ಇಡ್ತೀನಿ” ಎಂದಳು. “ಸ್ವಿಚ್ ಆರಿಸ್ಬೇಕು.”